ಮನೆ ಕಟ್ಟುವ ಮುಂಚೆ ಕಾಗದ ಓದೋಣ

(ಕಲಿಕಾ ಕೇಂದ್ರದಲ್ಲಿ ಅಕ್ಕಂದಿರ ಮುಂದೆ ಆಡಿದ ಮಾತು)



ಪಾಟಿ ಬಳಪ ಬದಿಗಿಡಿ. ಇವತ್ತು ಅಕ್ಷರದ ಪಾಠ ಇಲ್ಲ. ಮನೆಯ ಮಾತು ಇದೆ. ಬಿದ್ದ ಮನೆಯನ್ನು ಮತ್ತೆ ಎಬ್ಬಿಸುವ ಮಾತು.

ನಾವು ಹೊಳೆ ದಂಡೆಯ ಜನ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ನಮ್ಮ ಹೊಲಕ್ಕೆ ನೀರು ಕೊಡುತ್ತವೆ. ಒಮ್ಮೊಮ್ಮೆ ಮನೆಯೊಳಗೂ ಬರುತ್ತವೆ. 2009ರಲ್ಲಿ ನೆರೆ ಬಂತು. 2019ರ ಆಗಸ್ಟ್ ತಿಂಗಳಲ್ಲಿ ಮತ್ತೆ ಬಂತು. ಆ ವರ್ಷ ರಾಜ್ಯದ 22 ಜಿಲ್ಲೆಗಳಿಗೆ ಪೆಟ್ಟು ಬಿತ್ತು. ಎರಡು ಲಕ್ಷಕ್ಕೂ ಹೆಚ್ಚು ಮನೆಗಳು ಹಾಳಾದವು. ಮಣ್ಣಿನ ಗೋಡೆ ಮೂರು ದಿನ ನೀರಿನಲ್ಲಿ ನಿಂತರೆ ಏನಾಗುತ್ತದೆ ಅಂತ ನಿಮಗೆ ನಾವು ಹೇಳಬೇಕಾಗಿಲ್ಲ.

ಹೊಳೆ ಬರುತ್ತದೆ, ಹೋಗುತ್ತದೆ. ಹೋದ ಮೇಲೆ ಬೇರೆ ಕೆಲವರು ಬರುತ್ತಾರೆ. ಅವರ ಬಗ್ಗೆ ಇವತ್ತು ಮಾತಾಡೋಣ.

ಅವರು ಮೋಟಾರ್ ಸೈಕಲ್ ಮೇಲೆ ಬರುತ್ತಾರೆ. ಕೈಯಲ್ಲಿ ಡೈರಿ. ಕಿಸೆಯಲ್ಲಿ ಕಾರ್ಡು. ಮೊಬೈಲಿನಲ್ಲಿ ಚಂದ ಚಂದ ಮನೆಗಳ ಫೋಟೋ. ಕಟ್ಟೆ ಮೇಲೆ ಕೂತು ಚಹಾ ಕುಡಿಯುತ್ತಾರೆ. "ಅಕ್ಕಾ, ಏನೂ ಚಿಂತಿ ಮಾಡಬ್ಯಾಡ್ರಿ. ನಿಮ್ಮ ಮನಿ ನಾ ಕಟ್ಟಿ ಕೊಡ್ತೀನಿ. ಇವತ್ತ ಅಡ್ವಾನ್ಸ್ ಕೊಟ್ರ ಹಳೇ ರೇಟು. ನಾಳಿ ಸಿಮೆಂಟ್ ಏರತೈತಿ" ಅನ್ನುತ್ತಾರೆ. ತಗಡಿನ ಶೆಡ್ಡಿನಲ್ಲಿ ಮಕ್ಕಳನ್ನು ಮಲಗಿಸಿದ ತಾಯಿಗೆ ಆ ಮಾತು ದೇವರ ಮಾತಿನ ಹಾಗೆ ಕೇಳಿಸುತ್ತದೆ. ಅದರಲ್ಲಿ ತಪ್ಪಿಲ್ಲ. ಅವಸರ ಯಾರಿಗೆ ಇರುವುದಿಲ್ಲ?

2009ರ ನೆರೆಯ ನಂತರ ಹೀಗಿರಲಿಲ್ಲ. ಆಗ ಸರ್ಕಾರವೂ ದಾನಿಗಳೂ ಸೇರಿ 'ಆಸರೆ' ಅಂತ ಬೇರೆ ಜಾಗದಲ್ಲಿ ಮನೆ ಕಟ್ಟಿಸಿದರು. ಎಷ್ಟೋ ಜನ ಆ ಮನೆಗಳಿಗೆ ಹೋಗಲೇ ಇಲ್ಲ. ಅದು ಬೇರೆ ಕತೆ. 2019ರಲ್ಲಿ ದುಡ್ಡು ನೇರವಾಗಿ ಮನೆಯವರ ಖಾತೆಗೆ ಬಂತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ. ನಿಮ್ಮ ಮನೆ ನೀವೇ ಕಟ್ಟಿಸಿಕೊಳ್ಳಿ ಅಂತ ಲೆಕ್ಕ. ಇದು ಒಳ್ಳೆಯದೇ. ನಮ್ಮ ಮನೆಗೆ ಬಾಗಿಲು ಯಾವ ಕಡೆ ಬೇಕು ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ದುಡ್ಡು ನಮ್ಮ ಖಾತೆಗೆ ಬಂದರೆ, ದುಡ್ಡು ಹುಡುಕುವವರೂ ನಮ್ಮ ಬಾಗಿಲಿಗೇ ಬರುತ್ತಾರೆ.

ಇಲ್ಲಿ ಒಂದು ಮುಖ್ಯ ಮಾತಿದೆ. ಈ ದುಡ್ಡು ಒಮ್ಮೆಲೇ ಬರುವುದಿಲ್ಲ. ಕಂತಿನಲ್ಲಿ ಬರುತ್ತದೆ. ಪಾಯ ಆದರೆ ಫೋಟೋ ತೆಗೆಯುತ್ತಾರೆ. ಆಮೇಲೆ ಮುಂದಿನ ಕಂತು. ಗೋಡೆ ಎದ್ದರೆ ಮತ್ತೆ ಫೋಟೋ, ಮತ್ತೆ ಕಂತು. ಹಾಗಾದರೆ ಮೊದಲ ಕಂತನ್ನೇ ಯಾರಾದರೂ ತಿಂದು ಹೋದರೆ? ಪಾಯ ಇಲ್ಲ. ಪಾಯ ಇಲ್ಲದೆ ಫೋಟೋ ಇಲ್ಲ. ಫೋಟೋ ಇಲ್ಲದೆ ಎರಡನೇ ಕಂತು ಇಲ್ಲ. ಹೋದದ್ದು ಒಂದು ಕಂತು ಅಲ್ಲ, ಇಡೀ ಮನೆ.

ನಮಗೆ ಗೊತ್ತಿರುವ ಒಬ್ಬ ಅಕ್ಕನಿಗೆ ಹೀಗೇ ಆಯಿತು. ಹೆಸರು ಹೇಳಬೇಡಿ, ವಿಷಯ ಹೇಳಿ ಅಂತ ಅವರೇ ಹೇಳಿದ್ದಾರೆ. ಮೊದಲ ಕಂತು ಒಂದು ಲಕ್ಷ ಬಂತು. ಗುತ್ತೇದಾರ ಅಂತ ಹೇಳಿಕೊಂಡವನ ಕೈಗೆ 80 ಸಾವಿರ ಕೊಟ್ಟರು. ಅವನು ಮೂರು ದಿನ ಪಾಯ ತೋಡಿಸಿದ. ಒಂದು ಟ್ರ್ಯಾಲಿ ಕಲ್ಲು ತಂದು ಸುರಿದ. ನಾಲ್ಕನೇ ದಿನ ಬರಲಿಲ್ಲ. ಐದನೇ ದಿನ ಫೋನ್ ಬಂದ್. ಅಕ್ಕನ ಹತ್ತಿರ ಇದ್ದದ್ದು ಡೈರಿಯ ಒಂದು ಹಾಳೆ. ಅದರಲ್ಲಿ ಅವನ ಫೋನ್ ನಂಬರ್ ಮಾತ್ರ. ಅವನ ಪೂರ್ತಿ ಹೆಸರು ಗೊತ್ತಿಲ್ಲ. ಊರು ಗೊತ್ತಿಲ್ಲ. ದುಡ್ಡು ಕೊಟ್ಟದ್ದಕ್ಕೆ ಚೀಟಿ ಇಲ್ಲ. ತೋಡಿದ ಪಾಯದಲ್ಲಿ ಮಳೆ ನೀರು ನಿಂತು, ಎರಡು ಮಳೆಗಾಲ ಕಳೆಯಿತು. ಕಡೆಗೆ ಸ್ವಸಹಾಯ ಸಂಘದಲ್ಲಿ ಸಾಲ ಎತ್ತಿ ಪಾಯ ಮುಗಿಸಿದರು. ಆಮೇಲೆ ಎರಡನೇ ಕಂತು ಬಂತು. ಸಂಘದ ಸಾಲ ತೀರಿಸುವುದು ಬೇರೆ ಉಳಿಯಿತು.

ಇದನ್ನು ಕೇಳಿ ನಮ್ಮ ಊರಿನ ಗೌಂಡಿಗಳೆಲ್ಲ ಕಳ್ಳರು ಅಂತ ತಿಳಿಯಬೇಡಿ. ಹಾಗೆ ಹೇಳಿದರೆ ಪಾಪ ಬರುತ್ತದೆ. ಆ ಅಕ್ಕನ ಪಾಯ ತೋಡಿದ ಕೂಲಿಯವರಿಗೂ ಅವನು ಪಗಾರ ಕೊಟ್ಟಿರಲಿಲ್ಲ.

ಈಗ ಲೈಸನ್ಸ್ ಮಾತು. "ನನ್ನ ಹತ್ತಿರ ಲೈಸನ್ಸ್ ಐತಿ" ಅಂತ ಕೆಲವರು ಕಾರ್ಡು ತೋರಿಸುತ್ತಾರೆ. ಓದಲು ಕಲಿತಿದ್ದೀವಿ ಅಲ್ಲವೇ? ಓದಿ ನೋಡೋಣ. ಲೋಕೋಪಯೋಗಿ ಇಲಾಖೆಯಲ್ಲಿ ಗುತ್ತಿಗೆದಾರರನ್ನು ನೋಂದಣಿ ಮಾಡುತ್ತಾರೆ. ಒಂದನೇ ದರ್ಜೆ, ಎರಡನೇ ದರ್ಜೆ ಅಂತ ಇರುತ್ತದೆ. ಅದು ಸರ್ಕಾರದ ರಸ್ತೆ, ಸೇತುವೆ, ಕಟ್ಟಡದ ಕೆಲಸ ಹಿಡಿಯಲು. ನಿಮ್ಮ ಮನೆ ಚೆನ್ನಾಗಿ ಕಟ್ಟುತ್ತಾನೆ ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. ಜಿ.ಎಸ್.ಟಿ. ನಂಬರ್ ತೋರಿಸಿದರೆ ಅದು ತೆರಿಗೆ ಕಟ್ಟುವ ನಂಬರ್. ಕಾರ್ಮಿಕ ಕಾರ್ಡು ತೋರಿಸಿದರೆ ಅದು ಕೂಲಿಯವರಿಗೆ ಸರ್ಕಾರದ ಸಹಾಯ ಸಿಗಲು ಇರುವ ಕಾರ್ಡು. ಇನ್ನು ಬಣ್ಣದ ವಿಸಿಟಿಂಗ್ ಕಾರ್ಡು. ಅದನ್ನು ಪೇಟೆಯಲ್ಲಿ ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಬೇಕಾದರೆ ನಾಳೆ ನೀವೂ ಹಾಕಿಸಬಹುದು!

ಅಮೆರಿಕ ದೇಶದ ಫ್ಲೋರಿಡಾ ರಾಜ್ಯಕ್ಕೆ ದೊಡ್ಡ ದೊಡ್ಡ ಚಂಡಮಾರುತ ಬರುತ್ತವೆ. ಅಲ್ಲೂ ಗಾಳಿಯ ಹಿಂದೆಯೇ ಮೋಸಗಾರರು ಬರುತ್ತಾರೆ. ಅಲ್ಲಿ ಮನೆ ಕಟ್ಟುವ ಗುತ್ತಿಗೆದಾರನಿಗೆ ರಾಜ್ಯದ ಲೈಸನ್ಸ್ ಬೇಕು. ತುರ್ತು ಸ್ಥಿತಿ ಸಾರಿದ ಹೊತ್ತಿನಲ್ಲಿ ಲೈಸನ್ಸ್ ಇಲ್ಲದೆ ಕೆಲಸ ಹಿಡಿದರೆ ಅದು ಜೈಲಿಗೆ ಹಾಕುವಂಥ ಗಂಭೀರ ಅಪರಾಧ. ನಮ್ಮ ಹಳ್ಳಿಗಳಲ್ಲಿ ಮನೆ ಕಟ್ಟುವ ಗೌಂಡಿಗೆ ಅಂಥ ಲೈಸನ್ಸ್ ಪದ್ಧತಿಯೇ ಇಲ್ಲ. ಹಾಗಾಗಿ ಲೈಸನ್ಸ್ ನೋಡಿ ನಂಬುವ ದಾರಿ ನಮಗಿಲ್ಲ. ನಮಗೆ ಇರುವ ಬೇಲಿ ಎರಡೇ. ಅವನು ಕಟ್ಟಿದ ಮನೆ ನೋಡುವುದು. ಅವನ ಜೊತೆ ಕಾಗದ ಮಾಡುವುದು.

ಮೊದಲು ಮನೆ ನೋಡೋಣ. ಫೋಟೋ ಬೇಡ. "ನೀವು ಕಟ್ಟಿದ ಎರಡು ಮನೆ ತೋರಿಸಿ" ಅನ್ನಿ. ಹೋಗಿ. ಆ ಮನೆಯ ಯಜಮಾನಿಯ ಜೊತೆ ಅಡುಗೆ ಮನೆಯಲ್ಲಿ ಕೂತು ಮಾತಾಡಿ. ಹೇಳಿದ ದಿನಕ್ಕೆ ಮುಗಿಸಿದನೇ? ನಡುವೆ ದುಡ್ಡು ಹೆಚ್ಚು ಕೇಳಿದನೇ? ಮಳೆ ಬಂದಾಗ ಸೋರುತ್ತದೆಯೇ? ಗಂಡಸರು ಕಟ್ಟೆ ಮೇಲೆ ನೂರು ಮಾತು ಆಡುತ್ತಾರೆ. ಸೋರುವ ಮೂಲೆ ಯಾವುದು ಅಂತ ಹೆಂಗಸರೇ ಹೇಳಬೇಕು.

ಇನ್ನೊಂದು ಗುರುತು. "ನಿಮ್ಮ ಮನಿ ಬಿ ವರ್ಗದಾಗ ಐತಿ. ನಾ ಎ ವರ್ಗ ಮಾಡಸ್ತೀನಿ, ಕೆಲಸ ನನಗ ಕೊಡ್ರಿ" ಅಂತ ಯಾರಾದರೂ ಹೇಳಿದರೆ ಅವನನ್ನು ಅಲ್ಲಿಂದಲೇ ಕಳಿಸಿ. ಎಷ್ಟು ಹಾನಿ ಆಗಿದೆ ಅಂತ ಬರೆಯುವುದು ಅಧಿಕಾರಿಗಳ ಕೆಲಸ. ಅದನ್ನು ಬದಲಾಯಿಸುತ್ತೇನೆ ಅನ್ನುವವನು ನಿಮಗೂ ಮೋಸ ಮಾಡುತ್ತಾನೆ. ಪರಿಹಾರದ ದರ ಒಂದೊಂದು ನೆರೆಗೆ ಒಂದೊಂದು ರೀತಿ ಇರುತ್ತದೆ. ಪಂಚಾಯ್ತಿಗೆ ಹೋಗಿ, ಕೇಳಿ, ನೀವೇ ಬರೆದುಕೊಳ್ಳಿ.

ಗುತ್ತಿಗೆ ಎರಡು ಬಗೆ. ಒಂದು, ಸಾಮಾನು ಸಮೇತ. ಸಿಮೆಂಟ್, ಉಸುಕು, ಕಂಬಿ ಎಲ್ಲ ಅವನೇ ತರುತ್ತಾನೆ. ಇನ್ನೊಂದು ಕೂಲಿ ಗುತ್ತಿಗೆ. ಸಾಮಾನು ನಮ್ಮದು, ಕೆಲಸ ಅವನದು. ಸಾಮಾನು ಸಮೇತ ಕೊಟ್ಟರೆ ತಲೆನೋವು ಕಡಿಮೆ ಅಂತ ಜನ ಹೇಳುತ್ತಾರೆ. ನಮಗೆ ಹಾಗೆ ಅನ್ನಿಸುವುದಿಲ್ಲ. ಕಂಬಿ ಎಷ್ಟು ಹಾಕಿದ, ಸಿಮೆಂಟ್ ಎಷ್ಟು ಹಾಕಿದ ಅಂತ ಒಳಗೆ ಹೋದ ಮೇಲೆ ಯಾರು ನೋಡುತ್ತಾರೆ? ಮನೆಯಲ್ಲಿ ಒಬ್ಬರಾದರೂ ದಿನಾ ನಿಂತು ನೋಡುವ ಹಾಗಿದ್ದರೆ ಕೂಲಿ ಗುತ್ತಿಗೆಯೇ ಒಳ್ಳೆಯದು. ಅಂಗಡಿಯ ಬಿಲ್ಲು ನಿಮ್ಮ ಹೆಸರಿನಲ್ಲಿ ಇರುತ್ತದೆ. ಸಾಮಾನು ನಿಮ್ಮ ಅಂಗಳದಲ್ಲಿ ಇರುತ್ತದೆ. ಅವನು ಓಡಿ ಹೋದರೂ ಸಿಮೆಂಟ್ ಓಡಿ ಹೋಗುವುದಿಲ್ಲ.

ಈಗ ಕಾಗದ. ಕರಾರು ಪತ್ರ ಅಂದರೆ ಹೆದರಬೇಡಿ. ಒಬ್ಬೊಬ್ಬರಾಗಿ ಜೋರಾಗಿ ಓದಿ.

ಕರಾರು ಪತ್ರ
ತಾರೀಖು: ............
ಮನೆ ಕಟ್ಟಿಸುವವರ ಹೆಸರು, ಊರು: ............
ಕಟ್ಟುವವರ ಪೂರ್ತಿ ಹೆಸರು, ತಂದೆಯ ಹೆಸರು, ಊರು, ಮನೆ ನಂಬರ್, ಫೋನ್: ............
ಮನೆಯ ಉದ್ದ ...... ಅಡಿ. ಅಗಲ ...... ಅಡಿ. ಗೋಡೆಯ ಎತ್ತರ ...... ಅಡಿ.
ಪಾಯದ ಆಳ ...... ಅಡಿ. ಪಾಯದ ಅಗಲ ...... ಅಡಿ.
ಸಾಮಾನು ಯಾರದು: ............
ಒಟ್ಟು ಹಣ: ರೂ. ............ (ಅಕ್ಷರದಲ್ಲಿ ............)
ಯಾವ ಕೆಲಸ ಮುಗಿದರೆ ಎಷ್ಟು ಹಣ: ............
ಕೆಲಸ ಮುಗಿಸುವ ತಾರೀಖು: ............
ಇಬ್ಬರ ಸಹಿ: ............
ಇಬ್ಬರು ಸಾಕ್ಷಿಗಳ ಸಹಿ, ವಿಳಾಸ: ............

ಇದನ್ನು ಛಾಪಾ ಕಾಗದದ ಮೇಲೆ ಬರೆಸಿದರೆ ಒಳ್ಳೆಯದು. ನಮ್ಮ ಕಡೆ ಅದಕ್ಕೆ ಬಾಂಡ್ ಅನ್ನುತ್ತೀವಿ. ಎರಡು ಪ್ರತಿ ಮಾಡಿ. ಒಂದು ನಿಮ್ಮ ಪೆಟ್ಟಿಗೆಯಲ್ಲಿ ಇರಲಿ. ಖಾಲಿ ಜಾಗ ಬಿಟ್ಟ ಕಾಗದಕ್ಕೆ ಸಹಿ ಹಾಕಬೇಡಿ. "ಆಮೇಲೆ ತುಂಬಸ್ತೀನ್ರಿ" ಅಂದರೆ "ತುಂಬಿಸಿ ತಗೊಂಡು ಬರ್ರಿ, ಆಮೇಲೆ ಸಹಿ ಮಾಡ್ತೀನಿ" ಅನ್ನಿ. ಇದರಲ್ಲಿ ಮರ್ಯಾದೆ ಕೆಡುವುದು ಏನೂ ಇಲ್ಲ. ಕಾಗದ ಮಾಡಲು ಹಿಂಜರಿಯುವವನಿಗೆ ಕೆಲಸ ಕೊಡಬೇಡಿ. ಅಷ್ಟೇ.

ಹಣ ಕೊಡುವುದು ಹೇಗೆ? ಲೆಕ್ಕಕ್ಕೆ ಹೇಳುತ್ತೇವೆ, ಇದು ದರ ಅಲ್ಲ. ಕೂಲಿ ಗುತ್ತಿಗೆ 1,20,000 ರೂಪಾಯಿ ಅಂತ ಇಟ್ಟುಕೊಳ್ಳಿ. ಮುಂಗಡ 10,000. ಪಾಯ ಮುಗಿದ ಮೇಲೆ 25,000. ಗೋಡೆ ಲಿಂಟಲ್ ಮಟ್ಟಕ್ಕೆ ಬಂದ ಮೇಲೆ 30,000. ಸ್ಲ್ಯಾಬ್ ಆದ ಮೇಲೆ 30,000. ಗಿಲಾವು, ನೆಲ ಆದ ಮೇಲೆ 15,000. ಉಳಿದ 10,000 ಒಂದು ಮಳೆ ನೋಡಿ ಕೊಡುವುದು. ಕೂಡಿಸಿ ನೋಡಿ, ಸರಿ ಬರುತ್ತದೆಯೇ? ಸರ್ಕಾರ ಹೇಗೆ ನಮಗೆ ಕೆಲಸ ನೋಡಿ ಕಂತು ಕೊಡುತ್ತದೋ, ಹಾಗೆ ನಾವೂ ಕೆಲಸ ನೋಡಿ ಕೊಡಬೇಕು. ದುಡ್ಡು ಯಾವಾಗಲೂ ಕೆಲಸದ ಹಿಂದೆ ನಡೆಯಲಿ. ಮುಂದೆ ಓಡಬಾರದು. ಕೊಟ್ಟಾಗಲೆಲ್ಲ ಒಂದು ಹಾಳೆಯಲ್ಲಿ ತಾರೀಖು, ಮೊತ್ತ ಬರೆದು ಅವನ ಸಹಿ ಹಾಕಿಸಿ. ಖಾತೆಯಿಂದ ಖಾತೆಗೆ ಕಳಿಸಿದರೆ ಇನ್ನೂ ಚೆನ್ನ. ಪಾಸ್ ಪುಸ್ತಕವೇ ಸಾಕ್ಷಿ ಹೇಳುತ್ತದೆ.

ಪಾಸ್ ಪುಸ್ತಕ ಅಂದಾಗ ಒಂದು ಮಾತು. ಅದನ್ನು ಗುತ್ತೇದಾರನ ಕೈಗೆ ಕೊಡಬೇಡಿ. ಎ.ಟಿ.ಎಂ. ಕಾರ್ಡು ಕೊಡಬೇಡಿ. ಹಣ ತೆಗೆಯುವ ಖಾಲಿ ಚೀಟಿಗೆ ಸಹಿ ಮಾಡಿ ಕೊಡಬೇಡಿ. ಫೋನಿಗೆ ಬಂದ ಓ.ಟಿ.ಪಿ. ನಂಬರ್ ಹೇಳಬೇಡಿ. ಈ ಕೇಂದ್ರಕ್ಕೆ ಬಂದ ಮೇಲೆ ನಾವೆಲ್ಲ ಹೆಬ್ಬೆಟ್ಟು ಬಿಟ್ಟು ಸಹಿ ಕಲಿತೆವು. ಬಹಳ ಸಂತೋಷ. ಆದರೆ ಈಗ ಹೆಬ್ಬೆಟ್ಟು ಬೇರೆ ದಾರಿಯಿಂದ ಬಂದಿದೆ. ಬ್ಯಾಂಕಿನವರು ಊರಿಗೆ ತರುವ ಸಣ್ಣ ಮೆಷಿನ್ ನೋಡಿದ್ದೀರಿ. ಆಧಾರ್ ನಂಬರ್ ಒತ್ತಿ, ಬೆರಳು ಇಟ್ಟರೆ ಹಣ ಹೊರಗೆ ಬರುತ್ತದೆ. ಒಂದು ಸಲಕ್ಕೆ 10 ಸಾವಿರದವರೆಗೆ. "ಮನಿ ಫೋಟೋಕ್ಕ ಬೆರಳ ಇಡ್ರಿ" ಅಂತ ಯಾರಾದರೂ ಮೆಷಿನ್ ಚಾಚಿದರೆ ಕೇಳಿ: ಇದು ಯಾತಕ್ಕೆ? ಪರದೆಯ ಮೇಲೆ ಏನು ಬರೆದಿದೆ? ಅಂಕಿ ಎಷ್ಟಿದೆ? ಓದಿ. ಚೀಟಿ ಕೊಡಿ ಅನ್ನಿ. ಕಾಗದದ ಮೇಲಿನ ಹೆಬ್ಬೆಟ್ಟಿಗಿಂತ ಮೆಷಿನ್ ಮೇಲಿನ ಹೆಬ್ಬೆಟ್ಟು ಬಹಳ ಬೇಗ ಕೆಲಸ ಮಾಡುತ್ತದೆ.

ಕೆಲಸ ಶುರುವಾದ ಮೇಲೆ ಏನು ನೋಡಬೇಕು? ಬಹಳ ಮೋಸ ಆಗುವುದು ಪಾಯದಲ್ಲಿ. ಯಾಕೆಂದರೆ ಅದು ಮಣ್ಣಿನಲ್ಲಿ ಮುಚ್ಚಿ ಹೋಗುತ್ತದೆ. ನಮ್ಮದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಪಾಯ ಮೇಲೆ ಮೇಲೆ ಇದ್ದರೆ ಗೋಡೆಯೂ ಅದರ ಜೊತೆ ಬಿರಿಯುತ್ತದೆ. ಎಷ್ಟು ಆಳ ಬೇಕು ಅಂತ ಪಂಚಾಯ್ತಿಗೆ ಬರುವ ಎಂಜಿನಿಯರ್‌ರನ್ನು ಕೇಳಿ, ಅದನ್ನೇ ಕರಾರಿನಲ್ಲಿ ಬರೆಸಿ. ಮುಚ್ಚುವ ಮುಂಚೆ ಟೇಪು ಇಳಿಸಿ ನಾಲ್ಕೂ ಮೂಲೆ ಅಳೆಯಿರಿ. ಮೊಬೈಲಿನಲ್ಲಿ ಫೋಟೋ ಹೊಡೆಯಿರಿ.

ಉಸುಕು ಬ್ರಾಸ್ ಲೆಕ್ಕದಲ್ಲಿ ಬರುತ್ತದೆ. ಒಂದು ಬ್ರಾಸ್ ಅಂದರೆ 100 ಘನ ಅಡಿ. ಟ್ರ್ಯಾಲಿ 10 ಅಡಿ ಉದ್ದ, 6 ಅಡಿ ಅಗಲ, ಉಸುಕು ಒಂದೂವರೆ ಅಡಿ ಎತ್ತರ ಇದ್ದರೆ ಎಷ್ಟು? ಗುಣಿಸಿ. 90. ಒಂದು ಬ್ರಾಸ್‌ಗೆ 10 ಕಡಿಮೆ! ಸುರಿಯುವ ಮುಂಚೆಯೇ ಅಳೆಯಬೇಕು, ಸುರಿದ ಮೇಲೆ ಜಗಳ ಮಾತ್ರ ಉಳಿಯುತ್ತದೆ. ಉಸುಕಿನಲ್ಲಿ ಮಣ್ಣು ಇದೆಯೇ ಅಂತ ನೋಡಲು ಗಾಜಿನ ಬಾಟಲಿ ಸಾಕು. ಅರ್ಧ ಉಸುಕು, ಮೇಲೆ ನೀರು ಹಾಕಿ ಅಲ್ಲಾಡಿಸಿ ಇಡಿ. ಉಸುಕು ಕೆಳಗೆ ಕೂರುತ್ತದೆ, ಮಣ್ಣು ಅದರ ಮೇಲೆ ಕೂರುತ್ತದೆ. ಮಣ್ಣಿನ ಪದರ ದಪ್ಪ ಇದ್ದರೆ ಆ ಉಸುಕು ಬೇಡ.

ಸಿಮೆಂಟ್ ಚೀಲ 50 ಕಿಲೋ. ಚೀಲದ ಮೇಲೆ ಅದನ್ನು ತಯಾರಿಸಿದ ವಾರ, ವರ್ಷ ಅಚ್ಚಾಗಿರುತ್ತದೆ. ವಾರ 32 ಅಂದರೆ ಆಗಸ್ಟ್ ತಿಂಗಳು. ಮೂರು ತಿಂಗಳು ದಾಟಿದ ಸಿಮೆಂಟಿನ ಕಸುವು ಕಡಿಮೆ ಆಗಿರುತ್ತದೆ. ನೆರೆ ನೀರು ತಾಗಿದ ಚೀಲವನ್ನು ಒಣಗಿಸಿ ಮಾರುವವರೂ ಇದ್ದಾರೆ. ಕೈ ಹಾಕಿ ನೋಡಿ, ಗಂಟು ಇರಬಾರದು. ಕಂಬಿಯನ್ನೂ ತೂಕ ಮಾಡಿಸಿ ತನ್ನಿ. 10 ಎಂ.ಎಂ. ಕಂಬಿ, 12 ಮೀಟರ್ ಉದ್ದದ್ದು, ಏಳೂವರೆ ಕಿಲೋ ಹತ್ತಿರ ತೂಗಬೇಕು.

ಸ್ಲ್ಯಾಬ್ ಹಾಕಿದ ಮೇಲೆ ಕನಿಷ್ಠ 10 ದಿನ ನೀರು ನಿಲ್ಲಿಸಿ. ಸೆಂಟ್ರಿಂಗ್ ಬಾಡಿಗೆ ಉಳಿಸಲು ಕೆಲವರು ಮೂರನೇ ದಿನಕ್ಕೇ ಬಿಚ್ಚಲು ಬರುತ್ತಾರೆ. ಬಿಚ್ಚಲು ಬಿಡಬೇಡಿ. ಸಣ್ಣ ಕೋಣೆಗೂ ಒಂದು ವಾರ ಬೇಕು, ದೊಡ್ಡ ಕೋಣೆಗೆ ಎರಡು ವಾರ.

"ಇದೆಲ್ಲ ಹೆಂಗಸರಿಗೆ ಹೇಗೆ ತಿಳೀತದ್ರೀ?" ಅಂತ ಕಳೆದ ವಾರ ಒಬ್ಬರು ಕೇಳಿದರು. ನಮ್ಮ ಬೀದರ್, ಕಲಬುರ್ಗಿಯ ಪಕ್ಕದಲ್ಲೇ ಲಾತೂರ್ ಇದೆ. 1993ರ ಸೆಪ್ಟೆಂಬರ್ 30ರಂದು, ಜನ ಗಣಪತಿ ಕಳಿಸಿ ಮಲಗಿದ್ದಾಗ, ಬೆಳಗಾಗುವ ಮುಂಚೆ ಅಲ್ಲಿ ಭೂಕಂಪ ಆಯಿತು. ದಪ್ಪ ಕಲ್ಲಿನ ಗೋಡೆಗಳು ಕುಸಿದು ಸಾವಿರಾರು ಜನ ಸತ್ತರು. ನಮ್ಮ ಕಡೆಯ ಹಳ್ಳಿಗಳೂ ನಡುಗಿದವು. ಆಮೇಲೆ ಲಾತೂರ್, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಎಷ್ಟೋ ಮನೆಗಳನ್ನು ಮನೆಯವರೇ ಗಟ್ಟಿ ಮಾಡಿಸಿಕೊಳ್ಳಬೇಕಾಯಿತು. ಆಗ 'ಸ್ವಯಂ ಶಿಕ್ಷಣ ಪ್ರಯೋಗ' ಅನ್ನುವ ಸಂಸ್ಥೆಯ ಮೂಲಕ ಹಳ್ಳಿಯ ಮಹಿಳಾ ಮಂಡಳದ ಹೆಂಗಸರನ್ನು 'ಸಂವಾದ ಸಹಾಯಕ'ರು ಅಂತ ಮಾಡಿದರು. ಪ್ರೇಮಾ ಗೋಪಾಲನ್ ಅವರು ಆ ಸಂಸ್ಥೆ ನಡೆಸುತ್ತಿದ್ದರು. ಈ ಹೆಂಗಸರು ಸರ್ಕಾರದ ದುಡ್ಡಿನ ವಿಷಯ ಮನೆ ಮನೆಗೆ ತಿಳಿಸಿದರು. ಗಟ್ಟಿ ಮನೆ ಹೇಗಿರಬೇಕು ಅಂತ ಕಲಿತು, ಕೆಲಸದ ಮೇಲೆ ಕಣ್ಣಿಟ್ಟರು. 2001ರ ಜನವರಿ 26ರಂದು ಗುಜರಾತಿನ ಕಚ್ಛ್‌ನಲ್ಲಿ ಭೂಕಂಪ ಆದಾಗ ಇದೇ ಲಾತೂರಿನ ಹೆಂಗಸರು ಅಲ್ಲಿಗೆ ಹೋಗಿ ಅಲ್ಲಿನ ಹೆಂಗಸರಿಗೆ ಹೇಳಿಕೊಟ್ಟರು. ಅವರೂ ನಮ್ಮ ಹಾಗೆ ಹೊಲ ಮನೆ ಮಾಡುವವರೇ.

ಇಷ್ಟೆಲ್ಲ ಮಾಡಿದರೂ ಮೋಸ ಆದರೆ? ಸುಮ್ಮನೆ ಕೂರಬೇಡಿ. ಹಣ ತಗೊಂಡು ಮೋಸ ಮಾಡುವುದು ಅಪರಾಧ. ಪೊಲೀಸ್ ಠಾಣೆಗೆ ಬಾಯಿ ಮಾತು ಬೇಡ, ಬರೆದ ಅರ್ಜಿ ಕೊಡಿ. ಅರ್ಜಿ ಮುಟ್ಟಿದೆ ಅಂತ ಚೀಟಿ ಕೇಳಿ. "ಇದು ನಿಮ್ಮ ನಿಮ್ಮ ವ್ಯವಹಾರ" ಅಂತ ವಾಪಸ್ ಕಳಿಸಿದರೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಅದು ಕೋರ್ಟಿನ ಆವರಣದಲ್ಲಿ ಇರುತ್ತದೆ. 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೆ ಅಲ್ಲಿ ವಕೀಲರ ನೆರವು ಪುಕ್ಕಟೆ. ಆದಾಯ ಎಷ್ಟು ಅಂತ ಕೇಳುವುದಿಲ್ಲ. ಫೋನ್ ನಂಬರ್ 15100.

ಇನ್ನೊಂದು ಬಾಗಿಲು ಜಿಲ್ಲಾ ಗ್ರಾಹಕ ಆಯೋಗ. ಅಂಗಡಿಯಲ್ಲಿ ಕೊಂಡ ಸಾಮಾನಿಗೆ ಮಾತ್ರ ಅಲ್ಲ, ಗುತ್ತಿಗೆ ಕೊಟ್ಟು ಕಟ್ಟಿಸಿದ ಮನೆಗೂ ಗ್ರಾಹಕರ ಕಾಯ್ದೆ ಇದೆ. 2019ರ ಕಾಯ್ದೆಯಲ್ಲಿ ಅದು ಬರೆದಿದೆ. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ವಕೀಲರಿಲ್ಲದೆ ನೀವೇ ದೂರು ಕೊಡಬಹುದು. ನೀವು ಇರುವ ಜಿಲ್ಲೆಯಲ್ಲೇ ಕೊಡಬಹುದು. ಆದರೆ ಎರಡು ವರ್ಷದ ಒಳಗೆ ಕೊಡಬೇಕು. ಮೊದಲು ಕೇಳಿ ತಿಳಿಯಲು 1915 ನಂಬರಿಗೆ ಫೋನ್ ಮಾಡಿ. ಎಲ್ಲಿ ಹೋದರೂ ಮೊದಲು ಕೇಳುವುದು ಒಂದೇ ಮಾತು: "ಕಾಗದ ಏನಿದೆ?" ಕರಾರು, ಹಣದ ಚೀಟಿ, ಅಂಗಡಿಯ ಬಿಲ್ಲು, ಪಾಸ್ ಪುಸ್ತಕ, ಫೋಟೋ, ಇವನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೇಲೆ ಇಡಿ. ಹೊಳೆ ಬಂದರೂ ನೆನೆಯದ ಜಾಗದಲ್ಲಿ.

ಬರುವ ಮಂಗಳವಾರ ಇಲ್ಲೇ ಸೇರೋಣ. ಮನೆ ಕಟ್ಟಿಸುತ್ತಿರುವವರು ತಮ್ಮ ಕರಾರು ಕಾಗದ ತನ್ನಿ. ಇನ್ನೂ ಮಾಡದವರು ಈ ಪುಸ್ತಕದ ಕರಾರನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಬನ್ನಿ. ಯಾರ ಮನೆಯಲ್ಲಾದರೂ ಟೇಪು ಇದ್ದರೆ ತನ್ನಿ. ಶಾಲೆಯ ಹಿಂದೆ ಒಂದು ಟ್ರ್ಯಾಲಿ ನಿಂತಿದೆ, ಅದನ್ನೇ ಅಳೆಯೋಣ.